ಎರಡು ಕುರ್ಚಿಗಳ ಭಯ

ಹೊಸೂರು ಸೀಮೆಯಲ್ಲಿ ಬೆಳೆದ ಗುಲಾಬಿ ಹೂವುಗಳು ವರ್ಷವರ್ಷವೂ ಫೆಬ್ರವರಿ ತಿಂಗಳ ಆರಂಭದಲ್ಲಿ ಬೆಂಗಳೂರಿನಿಂದ ವಿಮಾನವೇರಿ ಪರದೇಶಗಳಿಗೆ ಹೋಗುತ್ತವೆಂಬುದು ನಮ್ಮ ವಾಚಕರಿಗೆ ಹೊಸ ಸಂಗತಿಯೇನಲ್ಲ. ಅವರಲ್ಲಿ ಎಷ್ಟೋ ಮಂದಿ ಆ ಹೂವನ್ನು ಬೆಳೆದವರು, ಕತ್ತರಿಸಿದವರು, ಪೆಟ್ಟಿಗೆಗಳಲ್ಲಿ ಜೋಡಿಸಿ ಲಾರಿಗೆ ಏರಿಸಿದವರು. ಆದರೆ ಹೂವನ್ನು ನಿಶ್ಚಿಂತೆಯಿಂದ ಆಕಾಶಕ್ಕೆ ಕಳುಹಿಸಿಕೊಡುವ ಅದೇ ಮನೆಗಳಲ್ಲಿ, "ಮಗಳನ್ನು ನೋಡಿಕೊಂಡು ಬನ್ನಿ" ಎಂದು ಟಿಕೆಟ್ಟನ್ನು ಕೈಗಿತ್ತರೆ ಮುಖ ಬಾಡಿಸಿಕೊಳ್ಳುವ ಹಿರಿಯರಿದ್ದಾರೆ. ಹೂವಿಗಿಲ್ಲದ ಭಯ ಹೂ ಬೆಳೆದವರಿಗೆ.

ಕಳೆದ ತಿಂಗಳು ನಮಗೆ ಪತ್ರವೊಂದು ಬಂದಿತು. ಬರೆದವರು ದೇಂಕಣಿಕೋಟೆಯ ಕಡೆಯ ಹೆಣ್ಣುಮಗಳು. ಈಗ ಗಂಡನೊಡನೆ ಪರದೇಶದಲ್ಲಿದ್ದಾರೆ. ಚೊಚ್ಚಲ ಹೆರಿಗೆಗೆ ಇನ್ನು ಮೂರು ತಿಂಗಳು. ತಾಯಿತಂದೆಯರಿಗೆ ಪ್ರಯಾಣದ ಅನುಮತಿಯೂ ದೊರೆತಿದೆ. ಆದರೆ ತಾಯಿಗೆ ವಿಮಾನವೆಂದರೆ ಕೈಕಾಲು ನಡುಕ. ತಂದೆಗೆ ವಿಮಾನದ ಚಿಂತೆಯಿಲ್ಲ. ಅವರ ದವಡೆಹಲ್ಲು ಎಂಟು ತಿಂಗಳಿನಿಂದ ನೋಯುತ್ತಿದೆ, ಲವಂಗದ ಎಣ್ಣೆಯಲ್ಲಿ ಕಾಲ ತಳ್ಳುತ್ತಿದ್ದಾರೆ, ದಂತವೈದ್ಯರ ಬಾಗಿಲನ್ನು ಮಾತ್ರ ತುಳಿಯಲೊಲ್ಲರು. "ನಮ್ಮ ಮಾತು ಅವರು ಕೇಳುವುದಿಲ್ಲ. ಪತ್ರಿಕೆಯಲ್ಲಿ ಬಂದರೆ ಓದುತ್ತಾರೆ. ದಯವಿಟ್ಟು ಬರೆಯಿರಿ" ಎಂಬುದು ಆ ಸೋದರಿಯ ಕೋರಿಕೆ. ಒಂದೇ ಮನೆಯಲ್ಲಿ ಎರಡು ಭಯಗಳು ಸೇರಿಕೊಂಡಿರುವುದರಿಂದ ನಾವೂ ಎರಡನ್ನೂ ಒಟ್ಟಿಗೇ ವಿಚಾರಿಸುತ್ತೇವೆ. ಅವು ದೂರದ ನೆಂಟರಲ್ಲ, ಒಡಹುಟ್ಟಿದವು ಎಂದು ನಮಗೆ ತೋರುತ್ತದೆ.

ಹೇಗೆಂದರೆ, ಎರಡೂ ಕುರ್ಚಿಯ ಭಯಗಳು. ಹೊಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಹೊಟ್ಟೆ ತೊಳಸಿದರೆ "ಹೋಲ್ಡಾನ್" ಎಂದು ಕೂಗಿ ಅತ್ತಿಬೆಲೆಯಲ್ಲಿಯೇ ಇಳಿದುಬಿಡಬಹುದು. ವಿಮಾನದ ಕುರ್ಚಿಯಲ್ಲಿ ಪಟ್ಟಿ ಬಿಗಿದು ಕುಳಿತವನು ಯಾರಿಗೆ ಹೋಲ್ಡಾನ್ ಹೇಳಿಯಾನು? ದಂತವೈದ್ಯರ ಕುರ್ಚಿಯಲ್ಲಂತೂ, ಹೇಳಬೇಕೆಂದರೂ ಬಾಯಿಯೇ ಅವರ ವಶದಲ್ಲಿರುತ್ತದೆ. ನಮ್ಮ ದೇಹವನ್ನು ಪರರ ಕೈಗೊಪ್ಪಿಸಿ, ಮುಂದೆ ಏನಾಗುವುದೆಂದು ತಿಳಿಯದೆ, ನಿಲ್ಲಿಸಿರೆಂದು ಹೇಳಲಾರದೆ ಕುಳಿತಿರುವ ಸ್ಥಿತಿ ಇದು. ನೋವಿಗಿಂತಲೂ ಸಾವಿಗಿಂತಲೂ ಮನುಷ್ಯನನ್ನು ಮೊದಲು ಕಾಡುವುದು ಈ ಅಸಹಾಯಕತೆ. ಆದ್ದರಿಂದ ಹೆದರುವವರನ್ನು ಅಂಜುಬುರುಕರೆಂದು ಹಾಸ್ಯಮಾಡುವವರ ಗುಂಪಿಗೆ ನಾವು ಸೇರುವುದಿಲ್ಲ. ಯುದ್ಧಭೂಮಿ ಕಂಡ ಸೈನಿಕರೂ ಹಲ್ಲಿನ ಕುರ್ಚಿಯಲ್ಲಿ ಬೆವರುವುದುಂಟು. ಇದಕ್ಕೆ ಮದ್ದು ಧೈರ್ಯದ ಉಪದೇಶವಲ್ಲ. ಮುಂದೆ ಏನು ನಡೆಯುವುದೆಂಬುದನ್ನು ಮೊದಲೇ ತಿಳಿಸಿಕೊಡುವುದು.

ವಿಮಾನದ ಮಾತನ್ನು ಮೊದಲು ಮುಗಿಸೋಣ, ಅದು ಸುಲಭ.

ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಪುಟ್ಟ ವಿಮಾನವೊಂದರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಅದನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ನಮ್ಮ ಬಳ್ಳಾರಿಯ ಮಾರ್ಗವಾಗಿ. ಅಂದರೆ ಕನ್ನಡನಾಡಿನ ಆಕಾಶಕ್ಕೆ ಈ ವಾಹನ ಬಂದು ತೊಂಬತ್ತು ವರ್ಷಗಳು ಕಳೆದಿವೆ. ಆದರೂ ಬಹುಕಾಲ ಅದು ಸಿರಿವಂತರ, ಅಧಿಕಾರಿಗಳ ವಾಹನವಾಗಿಯೇ ಉಳಿದಿತ್ತು. ಹಳ್ಳಿಯವನಿಗೆ ತಲೆಯೆತ್ತಿ ನೋಡುವ ವಸ್ತು ಮಾತ್ರ. ಹಾಸನದ ಕಡೆ ಬೇಸಾಯ ಮಾಡಿಕೊಂಡಿದ್ದ ನಿವೃತ್ತ ಸೇನಾಧಿಕಾರಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದರದ ವಿಮಾನಸಂಸ್ಥೆಯನ್ನು ತೆರೆದಾಗ ಈ ಸ್ಥಿತಿ ಬದಲಾಯಿತು. ಆ ಸಂಸ್ಥೆ ಮುಂದೆ ಬೇರೊಂದರಲ್ಲಿ ಲೀನವಾಯಿತು. ಆದರೆ ಅದು ತೆರೆದ ಬಾಗಿಲು ಮುಚ್ಚಲಿಲ್ಲ. ಗೋಪಿನಾಥ್ ಅವರ ಈ ಸಾಹಸವನ್ನು ಆಧರಿಸಿ 2020ರಲ್ಲಿ ತಮಿಳಿನಲ್ಲಿ 'ಸೂರರೈ ಪೋಟ್ರು' ಎಂಬ ಚಿತ್ರ ಬಂದಿತು. ಗೊರೂರಿನ ಕನ್ನಡಿಗರ ಕಥೆಯನ್ನು ನಮ್ಮ ನೆರೆಹೊರೆಯ ತಮಿಳು ಬಂಧುಗಳು ತಮ್ಮದೆಂದೇ ಕಣ್ಣೀರಿಟ್ಟು ನೋಡಿದರು. ಗಡಿಯಲ್ಲಿ ಬಾಳುವ ನಮಗೆ ಇಂತಹ ಸಂತೋಷಗಳು ಆಗಾಗ ದೊರೆಯುತ್ತವೆ.

ಇನ್ನು ಅಪಘಾತಗಳ ವಿಷಯ. ಅವನ್ನು ಮುಚ್ಚಿಟ್ಟು ಅಭಯ ನೀಡಹೊರಟರೆ ಯಾರೂ ನಂಬರು. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಳಿಯಬೇಕಾಗಿದ್ದ ವಿಮಾನ ನೆಲಕ್ಕಪ್ಪಳಿಸಿ 92 ಮಂದಿ ಮಡಿದರು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನದೊಳಗಿದ್ದ 242 ಮಂದಿಯ ಪೈಕಿ ಬದುಕುಳಿದವರು ಒಬ್ಬರೇ. ದೂರದರ್ಶನದಲ್ಲಿ ಆ ಬೆಂಕಿಯನ್ನು ಮತ್ತೆ ಮತ್ತೆ ಕಂಡ ತಾಯಿಯೊಬ್ಬರು ಹೆದರಿದರೆ ಅದರಲ್ಲಿ ಆಶ್ಚರ್ಯವೇನಿದೆ? ಆದರೆ ಈ ತೇದಿಗಳನ್ನು ನಾವು ನೆನಪಿಟ್ಟುಕೊಂಡಿರುವುದೇ ಅವು ಅಪರೂಪವೆಂಬುದಕ್ಕೆ ಸಾಕ್ಷಿ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಅವುಗಳಲ್ಲಿ ಒಂದು ದಿನದ ತೇದಿಯನ್ನಾದರೂ ಯಾರಾದರೂ ಹೇಳಬಲ್ಲರೇ? ಹಾಗೆ ನೋಡಿದರೆ ದೇಂಕಣಿಕೋಟೆಯಿಂದ ದೇವನಹಳ್ಳಿಯ ನಿಲ್ದಾಣದವರೆಗಿನ ಕಾರುಪಯಣವೇ ಇಡೀ ಯಾತ್ರೆಯಲ್ಲಿ ಹೆಚ್ಚು ಎಚ್ಚರ ಬೇಡುವ ಭಾಗ. ಚಾಲಕನಿಗೆ ನಿದ್ರೆಯಾಗಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ಅಂಕಿಸಂಖ್ಯೆಗಳಿಂದ ಯಾರ ಎದೆಬಡಿತವೂ ಇಳಿದುದನ್ನು ನಾವು ಕಂಡಿಲ್ಲ. ಕಿವಿಗೆ ಬೀಳುವ ಸದ್ದುಗಳ ಅರ್ಥ ತಿಳಿದರೆ ಇಳಿಯುತ್ತದೆ. ಆದ್ದರಿಂದ ಅವನ್ನೇ ಕ್ರಮವಾಗಿ ಹೇಳುತ್ತೇವೆ. ಆ ತಾಯಿ ಈ ಪುಟವನ್ನು ಕತ್ತರಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ವಿಮಾನ ಓಡುದಾರಿಯಲ್ಲಿ ವೇಗ ಹಿಡಿದಾಗ ಬೆನ್ನು ಕುರ್ಚಿಗೆ ಒತ್ತಿಕೊಳ್ಳುತ್ತದೆ, ಒಳಗಿನ ಹಲಗೆಗಳು ಕಟಕಟವೆನ್ನುತ್ತವೆ. ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಕಾಲಕೆಳಗೆ ದಡ್ ಎಂಬ ಸದ್ದು. ಅದು ಚಕ್ರಗಳು ಒಳಗೆ ಮಡಿಸಿಕೊಂಡ ಸದ್ದು. ಸ್ವಲ್ಪ ಹೊತ್ತಿನ ಬಳಿಕ ಇಂಜಿನ್ನಿನ ಮೊರೆತ ಥಟ್ಟನೆ ತಗ್ಗಿ ವಿಮಾನ ಕೆಳಗೆ ಕುಸಿದಂತೆ ಹೊಟ್ಟೆಯಲ್ಲಿ ಅನಿಸುತ್ತದೆ. ಮೊದಲ ಸಲ ಹಾರುವವರೆಲ್ಲ ದೇವರನ್ನು ನೆನೆಯುವ ಗಳಿಗೆ ಇದೇ. ಆದರೆ ಆಗ ಏನೂ ಕೆಟ್ಟಿರುವುದಿಲ್ಲ. ಏಳುವುದಕ್ಕೆ ಬೇಕಾಗಿದ್ದ ಪೂರ್ಣಶಕ್ತಿ ಏರುವುದಕ್ಕೆ ಬೇಡವಾದುದರಿಂದ ಚಾಲಕರು ಅದನ್ನು ಇಳಿಸಿರುತ್ತಾರೆ. ಎತ್ತು ದಿಣ್ಣೆ ಹತ್ತಿಸಿದ ಮೇಲೆ ಹಗ್ಗ ಸಡಿಲಿಸಿದಂತೆ. ರೆಕ್ಕೆಯ ಅಂಚು ಗುಂಯ್‌ಗುಡುತ್ತ ಚಾಚಿಕೊಳ್ಳುವುದು, ಮಡಿಸಿಕೊಳ್ಳುವುದು ಉಂಟು. ನಡುನಡುವೆ ಟಿಂಗ್ ಎಂಬ ಗಂಟೆ ಕೇಳಿದರೆ ಹೆಚ್ಚಿನ ವೇಳೆ ಅದು ಸಿಬ್ಬಂದಿಯನ್ನು ಕರೆಯುವ ಗಂಟೆ. ಯಾರಿಗೋ ನೀರು ಬೇಕಾಗಿದೆಯೆಂದು ತಿಳಿಯಬಹುದು.

ಕುಲುಕಾಟವೂ ಹಾಗೆಯೇ. ಅಂಚೆಟ್ಟಿಯ ಕಾಡುದಾರಿಯಲ್ಲಿ ಬಸ್ಸು ಕುಲುಕಿದರೆ ರಸ್ತೆಯನ್ನು ಬೈಯುತ್ತೇವೆಯೇ ಹೊರತು ಬಸ್ಸು ಮುರಿದುಬೀಳುವುದೆಂದು ಅಳುವುದಿಲ್ಲ. ಗಾಳಿಯಲ್ಲಿಯೂ ಏರುತಗ್ಗುಗಳಿವೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಹಾರಾಟದಲ್ಲಿ ಎದುರಾಗಬಹುದಾದ ಅತ್ಯಂತ ಹೆಚ್ಚಿನ ಭಾರವೆಷ್ಟೋ ಅದರ ಒಂದೂವರೆಪಟ್ಟನ್ನು ರೆಕ್ಕೆ ತಾಳಬೇಕೆಂಬ ನಿಯಮವಿದೆ. ಕಿಟಕಿಯಿಂದ ನೋಡಿದಾಗ ರೆಕ್ಕೆಯ ತುದಿ ಬಿದಿರಿನಂತೆ ತೂಗಿದರೆ ಹೆದರಬೇಡಿ. ಬಾಗದಿದ್ದರೆ ತಾನೇ ಮುರಿಯುವ ಭಯ? ಪಟ್ಟಿಯನ್ನು ಮಾತ್ರ ಕುಳಿತಿರುವಷ್ಟು ಹೊತ್ತೂ ಬಿಚ್ಚಬಾರದು. ಎರಡು ಇಂಜಿನ್ನುಗಳಲ್ಲಿ ಒಂದು ಕೆಟ್ಟರೂ ಉಳಿದ ಒಂದರಿಂದಲೇ ಹಾರಿ ಇಳಿಯುವ ಸಾಮರ್ಥ್ಯ ಇಂದಿನ ವಿಮಾನಗಳಿಗಿದೆ. 2001ರ ಆಗಸ್ಟಿನಲ್ಲಿ ಕೆನಡಾದಿಂದ ಹೊರಟ ದೊಡ್ಡ ವಿಮಾನವೊಂದು ಇಂಧನ ಸೋರಿ ಎರಡೂ ಇಂಜಿನ್ನುಗಳನ್ನು ಕಳೆದುಕೊಂಡರೂ, ಅಟ್ಲಾಂಟಿಕ್ ಸಮುದ್ರದ ಮೇಲೆ ಸುಮಾರು 19 ನಿಮಿಷ ಗರುಡನಂತೆ ತೇಲಿಬಂದು ದ್ವೀಪವೊಂದರಲ್ಲಿ ಇಳಿಯಿತು. ಒಳಗಿದ್ದ 306 ಮಂದಿಯೂ ಉಳಿದರು. ಇಂಜಿನ್ ನಿಂತೊಡನೆ ವಿಮಾನ ಕಲ್ಲಿನಂತೆ ಬೀಳುತ್ತದೆಂಬುದು ನಮ್ಮ ಕಲ್ಪನೆ ಮಾತ್ರ.

ಉಸಿರು ಕಟ್ಟುವುದೆಂಬ ಶಂಕೆ ಕೆಲವರಿಗೆ. ವಿಮಾನದೊಳಗಿನ ಗಾಳಿಯ ಒತ್ತಡವನ್ನು ಆರೇಳು ಸಾವಿರ ಅಡಿ, ಹೆಚ್ಚೆಂದರೆ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ನಿಲ್ಲಿಸಿರುತ್ತಾರೆ. ಉದಕಮಂಡಲವಿರುವುದೂ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿ. ಊಟಿಗೆ ಹೋಗಿ ಕುದುರೆ ಹತ್ತಿ ಬಂದವರು ವಿಮಾನದಲ್ಲಿಯೂ ಉಸಿರಾಡಬಲ್ಲರು. ಹೃದಯದ, ಶ್ವಾಸಕೋಶದ ಕಾಯಿಲೆಯುಳ್ಳವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ಕಿವಿ ಮುಚ್ಚಿಕೊಂಡರೆ ಉಗುಳು ನುಂಗುವುದು, ಪೆಪ್ಪರಮಿಂಟು ಚೀಪುವುದು ಸಾಕು. ಮಧುಮೇಹದ ಔಷಧಿ, ಇನ್ಸುಲಿನ್, ವೈದ್ಯರ ಚೀಟಿ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ದೀರ್ಘ ಪ್ರಯಾಣದಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವುಂಟು. ನಡೆಯಲಾರದವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ಟಿನೊಡನೆಯೇ ಹೇಳಿಟ್ಟರೆ ಜೊತೆಗೆ ಒಬ್ಬರು ಬಂದು ಬಾಗಿಲವರೆಗೂ ಮುಟ್ಟಿಸುತ್ತಾರೆ. ಭಾಷೆ ಬಾರದ ಹಿರಿಯರಿಗೆ ಕಾಲುನೋವಿಲ್ಲದಿದ್ದರೂ ಇದು ದೊಡ್ಡ ಆಸರೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

(ನಮ್ಮ ಹೊಸೂರಿಗೇ ವಿಮಾನ ನಿಲ್ದಾಣ ಬರುವುದೆಂದು ತಮಿಳುನಾಡಿನ ಮುಖ್ಯಮಂತ್ರಿಗಳು 2024ರ ಜೂನ್ ತಿಂಗಳಲ್ಲಿ ವಿಧಾನಸಭೆಯಲ್ಲಿ ಘೋಷಿಸಿದ್ದಾರೆ. ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿರುವ 150 ಕಿಲೋಮೀಟರಿನ ಷರತ್ತೂ ಇದ್ದೇ ಇದೆ. ಆ ನಿಲ್ದಾಣಕ್ಕಾಗಿ ಕಾದರೆ ಹುಟ್ಟಲಿರುವ ಮೊಮ್ಮಗುವಿಗೆ ಶಾಲೆಗೆ ಹೋಗುವ ವಯಸ್ಸಾದೀತು.)

ಈಗ ಎರಡನೆಯ ಕುರ್ಚಿ. ಇದರ ಭಯ ಹೆಚ್ಚು ಹಳೆಯದು, ಹೆಚ್ಚು ಕೇಡು ಮಾಡುವಂಥದು. ವಿಮಾನ ಹತ್ತದವನು ನೆಲದ ಮೇಲೆ ಸುಖವಾಗಿರಬಲ್ಲ. ದಂತವೈದ್ಯರಲ್ಲಿಗೆ ಹೋಗದವನ ಹಲ್ಲು ಅವನನ್ನು ಸುಮ್ಮನೆ ಬಿಡುವುದಿಲ್ಲ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಹಲ್ಲುನೋವಿಗೆ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆ ಕೊಡುತ್ತಿದ್ದರು. ಬಾಯಿಯಿಂದ ಹುಳು ಬಿತ್ತೆಂದು ತೋರಿಸುತ್ತಿದ್ದುದೂ ಉಂಟು. ಬಿಸಿಗೆ ಸಿಡಿದ ಬೀಜದೊಳಗಿನ ಬಿಳಿಯ ಎಳೆಯೇ ಹುಳುವಿನಂತೆ ಕಾಣುತ್ತಿತ್ತು. ಹುಳುಕುಹಲ್ಲೆಂಬ ಹೆಸರು ಉಳಿದಿದೆ, ಹುಳು ಮಾತ್ರ ಎಂದೂ ಇರಲಿಲ್ಲ. ಬಾಯಲ್ಲಿ ಉಳಿದ ಸಿಹಿಯನ್ನು ತಿಂದ ಸೂಕ್ಷ್ಮಜೀವಿಗಳು ಹುಳಿಯನ್ನು ಉಂಟುಮಾಡಿ ಹಲ್ಲನ್ನು ಕೊರೆಯುತ್ತವೆ. ಹೊಗೆಯಿಂದಾಗಲಿ ಲವಂಗದ ಎಣ್ಣೆಯಿಂದಾಗಲಿ ಆ ಕುಳಿ ಮುಚ್ಚದು. ಲವಂಗ ನೋವನ್ನು ಕೊಂಚ ಹೊತ್ತು ಮರೆಸುತ್ತದೆಂಬುದು ನಿಜ. ಅದೇ ಅದರ ಅಪಾಯವೂ ಹೌದು.

ಹಿರಿಯರ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ನಿಧಾನವಾಗಿ ತಿರುಗುವ ಕೊರೆಯಂತ್ರ ತಲೆಬುರುಡೆಯನ್ನೇ ಗರಗರನೆ ನಡುಗಿಸುತ್ತಿದ್ದುದನ್ನು ಬಾಲ್ಯದಲ್ಲಿ ಅನುಭವಿಸಿದವರು ಅದನ್ನು ಹೇಗೆ ಮರೆತಾರು? ಆದರೆ ಗಾಳಿಯ ರಭಸದಿಂದ ನಿಮಿಷಕ್ಕೆ ಲಕ್ಷಾಂತರ ಸುತ್ತು ತಿರುಗುವ ಯಂತ್ರ 1957ರಲ್ಲಿಯೇ ಬಳಕೆಗೆ ಬಂದಿತು. ಅದು ಸಿಳ್ಳೆಯಂತೆ ಕೂಗುತ್ತದೆ, ನೀರು ಚಿಮುಕಿಸುತ್ತದೆ, ಕೆಲಸವನ್ನು ಬೇಗ ಮುಗಿಸುತ್ತದೆ. ಮರಗಟ್ಟಿಸುವ ಚುಚ್ಚುಮದ್ದಾದ ಲಿಗ್ನೋಕೇನನ್ನು ಸ್ವೀಡನ್ನಿನಲ್ಲಿ 1943ರಲ್ಲಿ ಕಂಡುಹಿಡಿದರು. ಇನ್ನೂ ಒಂದು ಸಂಗತಿಯನ್ನು ನಮ್ಮ ವಾಚಕರು ಮೆಚ್ಚಬಹುದು: 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಮೂಸಿಸಿ, ನೋವಿಲ್ಲದೆ ಶಸ್ತ್ರಕ್ರಿಯೆ ಸಾಧ್ಯವೆಂದು ಜಗತ್ತಿಗೆ ತೋರಿಸಿಕೊಟ್ಟ ವಿಲಿಯಂ ಮಾರ್ಟನ್ ಎಂಬಾತ ಒಬ್ಬ ದಂತವೈದ್ಯ. ನೋವಿನ ಮೂರ್ತಿಯೆಂದು ನಾವು ಹೆದರುವ ವೃತ್ತಿಯವರಿಂದಲೇ ಮನುಕುಲಕ್ಕೆ ನೋವು ಮರೆಸುವ ವರ ದೊರೆಯಿತು.

"ಹಾಗಾದರೆ ನಮ್ಮ ಭಾವನಿಗೆ ಸೂಜಿ ಹಾಕಿದರೂ ಪ್ರಾಣ ಹೋಗುವಷ್ಟು ನೋವಾಯಿತಲ್ಲ?" ಎಂದು ಕೇಳುವವರುಂಟು. ಈ ಮಾತನ್ನು ತಳ್ಳಿಹಾಕಲಾಗದು; ಇದರಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಬೇರಿನ ಸುತ್ತ ಕೀವು ತುಂಬಿದಾಗ ಅಲ್ಲಿನ ದ್ರವ ಹುಳಿಯಾಗುತ್ತದೆ. ಹುಳಿಯಾದ ಕಡೆ ಮರಗಟ್ಟಿಸುವ ಮದ್ದು ನರದೊಳಕ್ಕೆ ಸರಿಯಾಗಿ ಇಳಿಯದು. ಎಂಟು ತಿಂಗಳು ಹೆದರಿ ತಡಮಾಡಿದವರಿಗೆ ನಿಜವಾಗಿಯೂ ನೋವಾಗುತ್ತದೆ. ಅವರು ಊರಿಗೆಲ್ಲ ಹೇಳುತ್ತಾರೆ. ಕೇಳಿದವರು ಹೆದರಿ ಮತ್ತೆ ಎಂಟು ತಿಂಗಳು ತಡಮಾಡುತ್ತಾರೆ. ಹೀಗೆ ಭಯವೇ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಕುಳಿ ಕಿರಿದಾಗಿದ್ದಾಗ ಹೋದವರು ಅರ್ಧ ಗಂಟೆಯಲ್ಲಿ ತುಂಬಿಸಿಕೊಂಡು ಬರುತ್ತಾರೆ. ಅವರಿಗೆ ಹೇಳಿಕೊಳ್ಳಲು ಕಥೆಯೇ ಇರುವುದಿಲ್ಲ, ಆದ್ದರಿಂದ ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೀವಾಗಿದ್ದರೂ ಮೊದಲು ಅದನ್ನು ಹೊರಹರಿಸಿ, ಅಗತ್ಯವಾದರೆ ಔಷಧಿ ಕೊಟ್ಟು, ಬಳಿಕ ಚಿಕಿತ್ಸೆ ಮಾಡುವ ದಾರಿ ವೈದ್ಯರಿಗೆ ಗೊತ್ತಿದೆ. ದವಡೆಯ ಕೀವು ಕತ್ತಿನೊಳಕ್ಕೆ ಇಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಕೆನ್ನೆ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದಿದ್ದರೆ ಅದು ನಾಳೆಗೆ ಬಿಡುವ ವಿಷಯವಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು.

ಕುರ್ಚಿಯ ಮೇಲೆ ನಡೆಯುವುದನ್ನೂ ಹೇಳಿಬಿಡೋಣ. ಮೊದಲ ದಿನ ನೋಡುವುದು, ಎಕ್ಸ್‌ರೇ ತೆಗೆಯುವುದು, ಮಾತನಾಡುವುದು. "ಇಂದು ನೋಡಿದರೆ ಸಾಕು, ಕೆಲಸ ಬೇಡ" ಎಂದು ಕೇಳುವ ಹಕ್ಕು ರೋಗಿಗಿದೆ. ಚುಚ್ಚುವ ಕಡೆ ಮೊದಲು ಮರಗಟ್ಟಿಸುವ ಲೇಪ ಹಚ್ಚಿರೆಂದು ಕೇಳಬಹುದು. ಸೂಜಿ ಕೂದಲಿನಷ್ಟಲ್ಲದಿದ್ದರೂ ಬಹಳ ಸಣ್ಣದು. ಕೆಲವು ನಿಮಿಷಗಳಲ್ಲಿ ತುಟಿ ಹಲಸಿನ ತೊಳೆಯಂತೆ ದಪ್ಪವಾದಂತೆ ಭಾಸವಾಗುತ್ತದೆ. ಆಮೇಲೆ ಒತ್ತುವುದು, ಎಳೆಯುವುದು ತಿಳಿಯುತ್ತದೆ. ಇರಿಯುವ ನೋವು ತಿಳಿಯಬಾರದು. ತಿಳಿದರೆ ಎಡಗೈ ಎತ್ತುತ್ತೇನೆ, ನಿಲ್ಲಿಸಬೇಕು ಎಂದು ಬಾಯಿ ತೆರೆಯುವ ಮುನ್ನವೇ ವೈದ್ಯರೊಡನೆ ಒಪ್ಪಂದ ಮಾಡಿಕೊಳ್ಳಿ. ನಾವು ಮೇಲೆ ಹೇಳಿದ ಹೋಲ್ಡಾನ್ ಇದೇ. ಕೈಯೆತ್ತಿದರೆ ನಿಲ್ಲುತ್ತದೆಂಬ ಭರವಸೆ ಇದ್ದವರು ಹೆಚ್ಚಾಗಿ ಕೈಯೆತ್ತುವುದೇ ಇಲ್ಲ. ಉಪವಾಸ ಹೋಗಬೇಡಿ. ರಕ್ತದೊತ್ತಡ, ಮಧುಮೇಹ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಿ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆಂಬ ಮಾತು ನಮ್ಮಲ್ಲಿ ಮೂರು ಭಾಷೆಗಳಲ್ಲಿಯೂ ಚಾಲ್ತಿಯಲ್ಲಿದೆ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಹಲ್ಲು ಉದುರುವ ವಯಸ್ಸೂ ಕಣ್ಣು ಮಬ್ಬಾಗುವ ವಯಸ್ಸೂ ಒಂದೇ ಆಗಿರುವುದರಿಂದ ಹುಟ್ಟಿದ ಮಾತು ಅದು. ಹಲ್ಲು ಶುಚಿಮಾಡಿಸಿದರೆ ಸಡಿಲವಾಗುತ್ತದೆಂಬುದೂ ಹೀಗೆಯೇ. ವರ್ಷಗಳಿಂದ ಕಟ್ಟಿದ ಗಾರೆ ಹೋದಾಗ ಸಂದು ಕಾಣುತ್ತದೆ. ಸಡಿಲಗೊಳಿಸಿದ್ದು ಗಾರೆಯೇ ಹೊರತು ಅದನ್ನು ತೆಗೆದವರಲ್ಲ.

ನಮ್ಮ ಸೀಮೆಯಲ್ಲಿ ಭಯದ ಜೊತೆಗೆ ಇನ್ನೊಂದು ತಡೆಯಿದೆ. ಅದು ನಾಚಿಕೆ. ಕೃಷ್ಣಗಿರಿ ಮತ್ತು ಧರ್ಮಪುರಿ (2004ರವರೆಗೆ ಎರಡೂ ಒಂದೇ ಜಿಲ್ಲೆ) ಭಾಗದ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದೆಂಬುದು ಮಿತಿ. ಅಂತಹ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂತಹ ಪಟ್ಟೆ, ಆಮೇಲೆ ಕಂದು ಕಲೆ ಮೂಡುತ್ತದೆ. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿಯರನ್ನು ನಾವು ಎಷ್ಟು ಮದುವೆಮನೆಗಳಲ್ಲಿ ಕಂಡಿಲ್ಲ! ಅವರಲ್ಲಿ ಬಹಳ ಮಂದಿ ದಂತವೈದ್ಯರಲ್ಲಿಗೆ ಹೋಗದಿರುವುದು ಸೂಜಿಯ ಭಯದಿಂದಲ್ಲ, "ಹಲ್ಲುಜ್ಜುವುದಿಲ್ಲವೇ?" ಎಂದು ಬೈದಾರೆಂಬ ಅಂಜಿಕೆಯಿಂದ. ಈ ಕಲೆ ಕೊಳೆಯಲ್ಲ. ಹಲ್ಲಿನ ಹೊರಪದರ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಒಳಗಿನಿಂದಲೇ ಆದ ಗುರುತು. ಇಟ್ಟಿಗೆಪುಡಿ, ಇದ್ದಿಲು, ಬೂದಿಗಳಿಂದ ಉಜ್ಜಿದರೆ ಕಲೆ ಹೋಗದು, ಹಲ್ಲೇ ಸವೆಯುತ್ತದೆ. ಆದರೆ ದಂತವೈದ್ಯರು ಮೇಲ್ಪದರವನ್ನು ನಯವಾಗಿ ತೀಡಿ, ಬಿಳುಪುಗೊಳಿಸಿ, ಇಲ್ಲವೇ ಹಲ್ಲಿನ ಬಣ್ಣದ ಲೇಪ ಕೂಡಿಸಿ ಅದನ್ನು ಮರೆಮಾಡಬಲ್ಲರು. ಎಷ್ಟೋ ವೇಳೆ ಚುಚ್ಚುಮದ್ದಿನ ಅಗತ್ಯವೂ ಇರುವುದಿಲ್ಲ. ಹೊಗೇನಕಲ್ಲಿನ ಕಾವೇರಿ ನೀರನ್ನು ಈ ಜಿಲ್ಲೆಗಳಿಗೆ ತರುವ ಯೋಜನೆ 2013ರಲ್ಲಿ ಉದ್ಘಾಟನೆಗೊಂಡಿತು. ಅದರ ವಿಷಯವಾಗಿ 2008ರಲ್ಲಿ ಎದ್ದ ಗದ್ದಲದಲ್ಲಿ ಗಡಿಯ ಕನ್ನಡಿಗರಾದ ನಾವು ಪಟ್ಟ ಪಾಡು ಬೇರೆಯೇ ಕಥೆ. ಇಲ್ಲಿ ಅದು ಬೇಡ. ಮಕ್ಕಳಿರುವ ಮನೆಯವರು ಕುಡಿಯಲು ಕೊಳವೆಬಾವಿಯ ನೀರಿನ ಬದಲು ಆ ನೀರನ್ನೇ ಬಳಸಲಿ ಎಂದಷ್ಟೇ ಹೇಳುತ್ತೇವೆ.

ಇದಕ್ಕಿಂತ ಗಂಭೀರವಾದುದು ಎಲೆ, ಅಡಿಕೆ, ಹೊಗೆಸೊಪ್ಪಿನ ವಿಷಯ. ಬಾಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಅದನ್ನು ಮೊದಲು ಗುರುತಿಸಬಲ್ಲವರು ದಂತವೈದ್ಯರೇ. ಬಾಯಿಯ ಕ್ಯಾನ್ಸರನ್ನು ಮೊದಲ ಹಂತದಲ್ಲಿ ಹಿಡಿದರೆ ಗುಣಪಡಿಸಬಹುದು; ನೋವಿಲ್ಲವೆಂದು ಬಿಟ್ಟರೆ ಕಷ್ಟ. ನಮ್ಮ ಎಷ್ಟೋ ಅಜ್ಜಿಯರು ನೋವು ಬಂದ ಮೇಲೆಯೇ ತೋರಿಸಿಕೊಂಡವರು.

ಭಾಷೆಯ ತೊಡಕೂ ಇದೆ. ವೈದ್ಯರು ತಮಿಳಿನಲ್ಲಿ ಕೇಳುತ್ತಾರೆ, ನಮ್ಮ ಅಜ್ಜಿ ಕನ್ನಡದಲ್ಲಿ ಹೇಳುತ್ತಾರೆ, ಭಯ ಇಮ್ಮಡಿಯಾಗುತ್ತದೆ. ಜೊತೆಗೆ ಎರಡೂ ಬಲ್ಲ ಮೊಮ್ಮಗನೊಬ್ಬ ಹೋಗಲಿ. ಅಂದಹಾಗೆ, ವೈದ್ಯರು 'ಪಲ್' ಎಂದರೆ ಬೆಚ್ಚಬೇಕಾಗಿಲ್ಲ; ನಮ್ಮ ಹಳಗನ್ನಡದಲ್ಲಿಯೂ ಹಲ್ಲಿಗೆ ಪಲ್ ಎಂದೇ ಹೆಸರು. ಯಾರಲ್ಲಿಗೆ ಹೋದರೂ ಅವರು ದಂತವೈದ್ಯ ಪದವಿ ಪಡೆದು ದಂತವೈದ್ಯ ಮಂಡಳಿಯಲ್ಲಿ ನೋಂದಾಯಿಸಿಕೊಂಡವರೇ ಎಂದು ನೋಡಿಕೊಳ್ಳಿ. ಉಪಕರಣಗಳನ್ನು ಹಬೆಯಲ್ಲಿ ಶುದ್ಧಿಮಾಡಿದ್ದೀರಾ ಎಂದು ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಹಣದ ಅಡಚಣೆಯುಳ್ಳವರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ದಂತವಿಭಾಗವಿದೆ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯ ಕಾಲೇಜೂ ಇದೆ.

ಮಕ್ಕಳ ಮಾತೊಂದು ಉಳಿಯಿತು. "ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತೇನೆ" ಎಂದು ಗದರಿಸುವ ತಾಯಂದಿರು, ಮುಂದೆ ನಲವತ್ತು ವರ್ಷ ಬಾಳುವ ಭಯವೊಂದನ್ನು ತುತ್ತಿನೊಡನೆ ತಿನ್ನಿಸುತ್ತಿರುತ್ತಾರೆ. ನೋವಿಲ್ಲದಾಗ ಒಮ್ಮೆ ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಿ, ಏರಿಳಿಸಿ ತೋರಿಸಿ ತನ್ನಿ.

ಇನ್ನು ನಮ್ಮ ಸೋದರಿಯ ಮನೆಗೆ ಬರೋಣ. ತಂದೆಯವರಿಗೆ ವಿಮಾನದ ಭಯವಿಲ್ಲವಷ್ಟೆ? ಅವರಿಗೆ ತಿಳಿಯದ ಸಂಗತಿಯೊಂದಿದೆ. ಹುಳುಕುಹಲ್ಲು ಆಕಾಶದಲ್ಲಿ ಸುಮ್ಮನಿರುವುದಿಲ್ಲ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು, ಹಲ್ಲಿನ ಕುಳಿಯಲ್ಲೋ ಹಳೆಯ ತುಂಬುವಿಕೆಯ ಅಡಿಯಲ್ಲೋ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ, ಕೆರಳಿದ ನರವನ್ನು ಒತ್ತುತ್ತದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನಚಾಲಕರನ್ನು ಇದು ಪೀಡಿಸಿದ್ದರಿಂದ ವೈದ್ಯರು ಇದಕ್ಕೆ ಬೇರೆ ಹೆಸರನ್ನೇ ಇಟ್ಟರು. ನೆಲದ ಮೇಲೆ ಲವಂಗದ ಎಣ್ಣೆಗೆ ಮಣಿಯುವ ನೋವು ಸಮುದ್ರದ ಮೇಲೆ ಹತ್ತು ಗಂಟೆ ಹಾರುವಾಗ ಮಣಿಯುವುದೆಂಬ ನಂಬಿಕೆ ಬೇಡ. ಪರದೇಶದಲ್ಲಿ ಹಲ್ಲಿನ ಚಿಕಿತ್ಸೆಯ ವೆಚ್ಚವೋ, ಅಳಿಯಂದಿರನ್ನು ಕೇಳಿದರೆ ಅವರೇ ಹೇಳಿಯಾರು. ಆದ್ದರಿಂದ ಈ ವಾರವೇ ಹೋಗಿ ತೋರಿಸಿ. ಬೇರಿನ ಚಿಕಿತ್ಸೆಗೆ ಎರಡು ಮೂರು ಸಲ ಹೋಗಬೇಕಾಗಬಹುದು. ಕಿತ್ತರೆ ಗಾಯ ಮಾಯಲು ದಿನಗಳು ಬೇಕು. ಮೂರು ತಿಂಗಳು ಇದಕ್ಕೆ ಧಾರಾಳ. ಮೂರು ದಿನ ಸಾಲದು.

ತಾಯಿಯವರನ್ನು ಮೊದಲ ಸಲವೇ ದೀರ್ಘಯಾನಕ್ಕೆ ಹತ್ತಿಸುವ ಬದಲು ಬೆಂಗಳೂರಿನಿಂದ ಮಂಗಳೂರಿಗೆ ಒಂದು ಗಂಟೆಯ ವಿಮಾನದಲ್ಲಿ ಕರೆದುಕೊಂಡು ಹೋಗಬಹುದು. ಮಂಗಳೂರೇಕೆಂದರೆ ಅಲ್ಲಿಂದ ಧರ್ಮಸ್ಥಳಕ್ಕೆ ಹೋಗಿ ಮಂಜುನಾಥಸ್ವಾಮಿಯ ದರ್ಶನ ಮಾಡಿ ಬಸ್ಸಿನಲ್ಲಿ ಮರಳಬಹುದು. ಸುಮ್ಮನೆ ಅಭ್ಯಾಸಕ್ಕೆಂದರೆ ಬಾರದವರು ಯಾತ್ರೆಯೆ‌ಂದರೆ ಬಂದಾರು. ರೆಕ್ಕೆಯ ಬಳಿಯ ಸಾಲಿನಲ್ಲಿ ಕುಳಿತರೆ ಕುಲುಕು ಕೊಂಚ ಕಡಿಮೆ. ಎದೆ ಹೊಡೆದುಕೊಂಡಾಗ ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಗೆ ಬಿಡಲಿ. ಮೊದಲ ಸಲ ಹಾರುತ್ತಿದ್ದೇನೆ, ಭಯವಾಗುತ್ತಿದೆ ಎಂದು ಗಗನಸಖಿಗೆ ಹೇಳಿಬಿಡಲಿ. ಬೆಂಗಳೂರಿನ ವಿಮಾನಗಳಲ್ಲಿ ಕನ್ನಡ ಬಲ್ಲ ಹೆಣ್ಣುಮಕ್ಕಳು ಸಿಗುವುದುಂಟು. ನಿದ್ರೆಯ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿಸುವುದು ಮಾತ್ರ ಬೇಡ.

ಪತ್ರದ ಕೊನೆಗೆ ಆ ಸೋದರಿ ಸಂಕೋಚದಿಂದ ಇನ್ನೊಂದು ಪ್ರಶ್ನೆ ಕೇಳಿದ್ದಾರೆ: ತಾಯಿಗೆ ಕೆಳಸಾಲು ಕಟ್ಟಿಸಿದ ಹಲ್ಲು, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಲ್ಲರೆದುರು ಅದನ್ನು ತೆಗೆಸಿಬಿಡುತ್ತಾರೆಯೇ? ತಾಯಿಯ ನಿಜವಾದ ಭಯ ಇದೇ ಆಗಿರಬಹುದೆಂದು ನಮಗೆ ಗುಮಾನಿ. ಸಾಮಾನ್ಯವಾಗಿ ಯಾರೂ ತೆಗೆಸುವುದಿಲ್ಲ. ಅದು ಬಾಯಲ್ಲಿಯೇ ಇರಲಿ. ರಾತ್ರಿ ತೆಗೆದಿಡುವ ಅಭ್ಯಾಸವಿದ್ದರೆ ಪುಟ್ಟ ಡಬ್ಬಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಕಾಗದದ ಕರವಸ್ತ್ರದಲ್ಲಿ ಸುತ್ತಿ ಊಟದ ತಟ್ಟೆಯ ಮೇಲೆ ಇಡಬಾರದು; ತಟ್ಟೆಯೊಡನೆ ಅದೂ ಹೊರಟುಹೋಗುತ್ತದೆ.